ಮನೆ ನೋಡಲು ಬಂದವರಿಗೆ ಮನೆಯನ್ನೇ ತೋರಿಸಿ

ತೀರ್ಥಹಳ್ಳಿ ತಾಲ್ಲೂಕಿಗೆ ಪ್ರವಾಸ ಹೊರಟವರಲ್ಲಿ ಬಹಳ ಮಂದಿ ಎರಡು ಮನೆಗಳನ್ನು ನೋಡಿಕೊಂಡು ಬರುತ್ತಾರೆ. ಒಂದು ಕುಪ್ಪಳಿಯ ಕವಿಮನೆ, ಕುವೆಂಪು ಆಡಿ ಬೆಳೆದ ಮೂರಂತಸ್ತಿನ ತೊಟ್ಟಿಮನೆ. ಇನ್ನೊಂದು ಆಗುಂಬೆಯ ದೊಡ್ಡಮನೆ. ದೊಡ್ಡಮನೆಯಲ್ಲಿ ಹೆಸರಾಂತ ಸಾಹಿತಿ ಯಾರೂ ಬಾಳಿಲ್ಲ. 1980ರ ದಶಕದಲ್ಲಿ ಶಂಕರ್‌ನಾಗ್ ಆರ್.ಕೆ. ನಾರಾಯಣ್ ಕಥೆಗಳ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಅಲ್ಲಿ ಚಿತ್ರೀಕರಿಸಿದರು, ಅಷ್ಟೇ ಅದರ ಖ್ಯಾತಿ. ಆದರೂ ಆಗುಂಬೆಗೆ ಹೋಗಿ ಬಂದವರನ್ನು ಮಾತಿಗೆಳೆದರೆ ಜಗಲಿಯ ಮೇಲೆ ಕೂತದ್ದು, ಕಷಾಯ ಕುಡಿದದ್ದು, ಕಂಬಕ್ಕೆ ಒರಗಿ ಮಳೆ ನೋಡಿದ್ದು ಒಂದೊಂದಾಗಿ ಹೊರಬರುತ್ತದೆ. ಕವಿಮನೆಗೆ ಹೋಗಿ ಬಂದವರು ಹೇಳುವುದು ಕಡಿಮೆ. ‘ಚೆನ್ನಾಗಿದೆ, ಎಷ್ಟು ದೊಡ್ಡ ಮನೆ ಮಾರಾಯ್ರೇ’ ಎಂದು ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ಆಮೇಲೆ ಅವರ ಫೋನಿನಿಂದ ಮನೆಯ ಹತ್ತಿರದ ಗುಡ್ಡ ಕವಿಶೈಲದ ಫೋಟೊಗಳು ಹೊರಬರುತ್ತವೆ.

ಇದರಲ್ಲಿ ಪ್ರವಾಸಿಗರ ತಪ್ಪಿಲ್ಲ. ಕವಿಮನೆಯನ್ನು ಕಾಪಾಡಿಕೊಂಡು ಬಂದವರ ಶ್ರದ್ಧೆಯನ್ನು ಅನುಮಾನಿಸಲೂ ಕಾರಣವಿಲ್ಲ. 1992ರಲ್ಲಿ ಹುಟ್ಟಿದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಆ ಮನೆಯನ್ನು ಮತ್ತೆ ಎತ್ತಿ ನಿಲ್ಲಿಸದೇ ಹೋಗಿದ್ದರೆ ಮಲೆನಾಡಿನ ಎಷ್ಟೋ ತೊಟ್ಟಿಮನೆಗಳಂತೆ ಅದರ ಮುಂಡಿಗೆಗಳೂ ಯಾವುದೋ ರೆಸಾರ್ಟಿನ ಸ್ವಾಗತ ಕೋಣೆ ಸೇರುತ್ತಿದ್ದವೇನೋ. ಮನೆ ಉಳಿದಿದೆ, ಅಚ್ಚುಕಟ್ಟಾಗಿದೆ, ಜನವೂ ಬರುತ್ತಿದ್ದಾರೆ. ಹಾಗೆ ಬಂದವರು ಒಳಗೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಸರಿಯಾಗಿ ಯೋಚಿಸಿಲ್ಲ. ಕರ್ನಾಟಕದ ಬಹುತೇಕ ‘ಸ್ಮಾರಕ ಮನೆ’ಗಳ ಕಥೆಯೂ ಇದೇ.

ಯಾವುದೇ ಮಹನೀಯರ ಮನೆಗೆ ಹೋಗಿ. ಹಾರ ಹಾಕಿದ ಫೋಟೊ, ಗಾಜಿನ ಪೆಟ್ಟಿಗೆಯಲ್ಲಿ ಕನ್ನಡಕ, ಪೆನ್ನು, ಊರುಗೋಲು, ಕೋಟು. ಗೋಡೆಯ ತುಂಬ ಸನ್ಮಾನಪತ್ರ, ರಾಷ್ಟ್ರಪತಿಗಳ ಕೈಯಿಂದ ಪ್ರಶಸ್ತಿ ಪಡೆಯುತ್ತಿರುವ ಕಪ್ಪು ಬಿಳುಪು ಚಿತ್ರ. ಹೊರಗಿನ ನಾಮಫಲಕವನ್ನು ಕಳಚಿ ಇನ್ನೊಬ್ಬರ ಹೆಸರು ಹಾಕಿದರೂ ಒಳಗೆ ಹೆಚ್ಚೇನೂ ಬದಲಿಸಬೇಕಾಗಿಲ್ಲ. ಮನೆಯೆಂಬುದು ಸನ್ಮಾನ ಸಮಾರಂಭದ ವೇದಿಕೆಯಾಗಿಬಿಟ್ಟಿದೆ. ಆ ಮನುಷ್ಯ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದ, ಯಾವ ಮೂಲೆಯಲ್ಲಿ ಕೂತು ಬರೆಯುತ್ತಿದ್ದ, ಅಡುಗೆಮನೆಯಲ್ಲಿ ಯಾರಿದ್ದರು, ಸಾಲ ಕೇಳಲು ಬಂದವರು ಎಲ್ಲಿ ನಿಲ್ಲುತ್ತಿದ್ದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಪ್ರಶಸ್ತಿ ನೋಡುವುದಕ್ಕಾದರೆ ಮನೆಯವರೆಗೆ ಬರಬೇಕಾದ್ದೇನಿತ್ತು?

ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಮನೆಯ ಕಥೆ ಇನ್ನೂ ವಿಚಿತ್ರ. 1950ರ ದಶಕದ ಆರಂಭದಲ್ಲಿ ನಾರಾಯಣ್ ತಾವೇ ಮುಂದೆ ನಿಂತು ಕಟ್ಟಿಸಿದ ಮನೆ ಅದು. 2011ರಲ್ಲಿ ಬಿಲ್ಡರ್ ಕೈಗೆ ಹೋಗಿ ನೆಲಸಮವಾಗುವುದರಲ್ಲಿತ್ತು. ಊರಿನವರು, ಓದುಗರು, ಪತ್ರಿಕೆಗಳವರು ಗದ್ದಲ ಎಬ್ಬಿಸಿದ ಮೇಲೆ ಸರ್ಕಾರ ಎಚ್ಚೆತ್ತಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡಿಗರ ದುಡ್ಡಿನಲ್ಲಿ ಸ್ಮಾರಕ ಏಕೆ ಎಂದು ಕನ್ನಡದ ಕೆಲವು ಲೇಖಕರು ಆಕ್ಷೇಪಿಸಿದರು. ಆ ವಾದ ವಿವಾದವೆಲ್ಲ ಮುಗಿದು, ಕೋಟಿಗಟ್ಟಲೆ ಕೊಟ್ಟು ಮನೆ ಕೊಂಡು, ರಿಪೇರಿ ಮಾಡಿಸಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದದ್ದು ದೊಡ್ಡ ಕೆಲಸವೇ. ಮಹಡಿಯ ಮೇಲೆ ಎಂಟು ಕಿಟಕಿಗಳ, ಅರ್ಧ ದುಂಡಗಿನ ಕೋಣೆಯಿದೆ. ನಾರಾಯಣ್ ಬರೆಯುತ್ತಿದ್ದುದು ಅಲ್ಲಿ. ಮನೆಯಲ್ಲಿ ಈಗ ಅವರ ಕೆಲವು ಬಟ್ಟೆಬರೆ, ಕನ್ನಡಕ, ಪುಸ್ತಕಗಳು, ಫೋಟೊಗಳು, ಗೋಡೆಯ ಮೇಲೆ ಅವರ ಮಾತುಗಳು. ಮಿಕ್ಕಂತೆ ಕೋಣೆಗಳು ಬರಿದೋ ಬರಿದು.

ಬರಿದಾಗಿರುವುದೇ ದೋಷವಲ್ಲ. ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಯೂ ಬರಿದೇ. ನಾಜಿಗಳಿಗೆ ಹೆದರಿ ಅಡಗಿದ್ದ ಯೆಹೂದಿ ಹುಡುಗಿ ಆನ್ ತನ್ನ ದಿನಚರಿ ಬರೆದದ್ದು ಅಲ್ಲೇ. ನಾಜಿಗಳು ಅಡಗುತಾಣದ ಸಾಮಾನುಗಳನ್ನೆಲ್ಲ ಹೊತ್ತೊಯ್ದಿದ್ದರು. ಕುಟುಂಬದಲ್ಲಿ ಬದುಕುಳಿದ ಒಬ್ಬರೇ ಒಬ್ಬರು ತಂದೆ ಆಟೊ ಫ್ರಾಂಕ್. 1960ರಲ್ಲಿ ಆ ಮನೆ ಸಾರ್ವಜನಿಕರಿಗೆ ತೆರೆದಾಗ ಕೋಣೆಗಳು ಹಾಗೇ ಬರಿದಾಗಿರಲಿ ಎಂದು ಹಟ ಹಿಡಿದವರು ಅವರೇ. ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಅಲ್ಲಿಗೆ ಹೋಗುತ್ತಾರೆ. ಪುಸ್ತಕದ ಕಪಾಟಿನ ಹಿಂದಿನ ಬಾಗಿಲು, ಹುಡುಗಿ ಗೋಡೆಗೆ ಅಂಟಿಸಿದ್ದ ಸಿನಿಮಾ ತಾರೆಯರ ಚಿತ್ರಗಳು, ಬೆಳೆಯುವ ಮಕ್ಕಳ ಎತ್ತರ ಗುರುತಿಸಿದ ಪೆನ್ಸಿಲ್ ಗೀಟುಗಳು. ಇಷ್ಟರ ಮುಂದೆ ಜನ ಮಾತು ಬಾರದೆ ನಿಲ್ಲುತ್ತಾರೆ. ಕಾರಣ ಸರಳ: ಒಳಗೆ ಬರುವ ಹೊತ್ತಿಗೇ ಈ ಕೋಣೆ ಏಕೆ ಖಾಲಿ ಎಂಬುದು ಅವರಿಗೆ ಗೊತ್ತಿರುತ್ತದೆ. ಹಿಂದಿನ ಕೋಣೆಗಳಲ್ಲಿ ಕಥೆ ಕೇಳಿಕೊಂಡೇ ಬಂದಿರುತ್ತಾರೆ. ಎಷ್ಟು ಹೊತ್ತಿಗೆ ಎಷ್ಟು ಜನ ಎಂದು ಟಿಕೆಟ್ಟಿನಲ್ಲೇ ನಿಗದಿಯಾಗಿರುವುದರಿಂದ ನೂಕುನುಗ್ಗಲೂ ಹದ್ದುಬಸ್ತಿನಲ್ಲಿರುತ್ತದೆ. ಯಾದವಗಿರಿಯ ಮನೆಯಲ್ಲಿ ಖಾಲಿ ಕೋಣೆ ಖಾಲಿ ಕೋಣೆಯಾಗಿಯೇ ಉಳಿಯುತ್ತದೆ. ಆ ಎಂಟು ಕಿಟಕಿಗಳ ನಡುವೆ ಒಂದು ಮೇಜು, ಒಂದು ಕುರ್ಚಿ, ನಾರಾಯಣರ ನಾಲ್ಕು ಕಾದಂಬರಿ, ಅವುಗಳ ಕನ್ನಡ ಅನುವಾದಗಳನ್ನು ಇಟ್ಟು, ಬಂದವರು ಕಾಲು ಗಂಟೆ ಕೂತು ಓದಲು ಬಿಟ್ಟರೆ ಸಾಕು. ಖರ್ಚು ಏನೂ ಅಲ್ಲ. ಮಾಲ್ಗುಡಿಯನ್ನು ಕಂಡವರು ಯಾವ ಬೆಳಕಿನಲ್ಲಿ ಕೂತು ಕಂಡರು ಎಂಬುದಾದರೂ ಓದುಗನಿಗೆ ತಿಳಿಯುತ್ತದೆ.

ತಮಾಷೆಯೆಂದರೆ, ರೈಲ್ವೆ ಇಲಾಖೆ ಈ ವಿಷಯದಲ್ಲಿ ಸಾಂಸ್ಕೃತಿಕ ಸಂಸ್ಥೆಗಳಿಗಿಂತ ಚುರುಕಾಗಿತ್ತು. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿತು. ಲೇಖಕ ಬಾಳಿದ ಮನೆಗಿಂತ ಅವನ ಕಲ್ಪನೆಯ ಊರಿಗೆ ವೇಷ ಹಾಕಿದ ಸ್ಟೇಷನ್ನು, ಜಗಲಿಗಳೇ ಹೆಚ್ಚು ಜೀವಂತವಾಗಿವೆ ಎಂಬುದನ್ನು ಮೈಸೂರಿನವರು ಗಮನಿಸಬೇಕು.

ನ್ಯೂಯಾರ್ಕಿನ ಟೆನೆಮೆಂಟ್ ಮ್ಯೂಸಿಯಂ ಕಥೆ ನಮ್ಮ ಟ್ರಸ್ಟುಗಳವರೆಲ್ಲ ಒಮ್ಮೆ ಕೇಳಬೇಕಾದ್ದು. ಆರ್ಚರ್ಡ್ ಬೀದಿಯ 97ನೇ ನಂಬರಿನ ಆ ಕಟ್ಟಡ ಒಂದು ವಠಾರ. 1863ರಲ್ಲಿ ಕಟ್ಟಿದ್ದು, 1935ರಲ್ಲಿ ಬಾಡಿಗೆದಾರರನ್ನೆಲ್ಲ ಬಿಡಿಸಿದರು. ಅಷ್ಟರಲ್ಲಿ ಸುಮಾರು 7,000 ವಲಸಿಗರು ಅದರ ಇಕ್ಕಟ್ಟಿನ ಕೋಣೆಗಳಲ್ಲಿ ಬದುಕಿದ್ದರು. ಅವರಲ್ಲಿ ಯಾರೂ ಪ್ರಸಿದ್ಧರಲ್ಲ. 1988ರಲ್ಲಿ ಮ್ಯೂಸಿಯಂ ಶುರುವಾದಾಗ ಪ್ರದರ್ಶಿಸಲು ಒಂದು ಪದಕವೂ ಇರಲಿಲ್ಲ. ಆದ್ದರಿಂದ ಅವರು ಕಥೆಯನ್ನೇ ನೆಚ್ಚಿಕೊಳ್ಳಬೇಕಾಯಿತು. ಜನಗಣತಿ ದಾಖಲೆ, ಕೋರ್ಟಿನ ಕಾಗದ, ಗೋಡೆಯ ಮೇಲೆ ಒಂದರ ಮೇಲೊಂದು ಅಂಟಿಸಿದ್ದ ಬಣ್ಣದ ಕಾಗದದ ಪದರಗಳು, ಇವನ್ನೆಲ್ಲ ಜಾಲಾಡಿ ಒಂದೊಂದು ಮನೆಯಲ್ಲಿ ಒಂದೊಂದು ಸಂಸಾರವನ್ನು ಕಟ್ಟಿ ನಿಲ್ಲಿಸಿದರು. ಆ ಮನೆಗಳೊಳಗೆ ಸುಮ್ಮನೆ ಸುತ್ತಾಡಿ ಬರುವಂತಿಲ್ಲ. ಸಣ್ಣ ಗುಂಪಾಗಿ, ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಇಟಲಿಯಿಂದ ಬಂದ ಬಾಲ್ಡಿಜ್ಜಿ ಕುಟುಂಬದ ಮನೆಯಲ್ಲಿ, ಅಲ್ಲೇ ಬಾಲ್ಯ ಕಳೆದ ಜೋಸೆಫಿನ್ ಮುದುಕಿಯಾದ ಮೇಲೆ ನೆನಪು ಮಾಡಿಕೊಂಡು ಆಡಿದ ಮಾತುಗಳ ಧ್ವನಿಮುದ್ರಣ ಕೇಳಿಸುತ್ತದೆ. ಹೇಳುವವರಿದ್ದರೆ ಬಡವರ ಹರಕು ಕೋಣೆಗೂ ಜನ ಟಿಕೆಟ್ ಕೊಂಡು ಬರುತ್ತಾರೆ.

ಕುಪ್ಪಳಿಯಲ್ಲಿ ಹೇಳುವ ಕಥೆಗೆ ಬರವೇ? ಹೆಚ್ಚಿನ ಸ್ಮಾರಕ ಮನೆಗಳಿಗೆ ಸಿಗದ ಅನುಕೂಲ ಅದಕ್ಕೆ ಸಿಕ್ಕಿದೆ. ಆ ಮನೆಯಲ್ಲಿ ಬೆಳೆದ ಹುಡುಗ ಅಂಥ ಮನೆಗಳ ಒಳಹೊರಗನ್ನೆಲ್ಲ ಎರಡು ಮಹಾ ಕಾದಂಬರಿಗಳಲ್ಲಿ, ಒಂದು ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಹೆಗ್ಗಡೆಯ ಜಗಲಿ, ಬಾಣಂತಿ ಕೋಣೆ, ಬಚ್ಚಲ ಹಂಡೆ, ಕೊಟ್ಟಿಗೆ, ಅಟ್ಟದ ಕತ್ತಲು, ಎಲ್ಲವೂ ಆ ಪುಟಗಳಲ್ಲಿವೆ. ಕವಿಮನೆಯ ಒಂದೊಂದು ಕೋಣೆಯಲ್ಲೂ ನಿಂತು ಆ ಕೋಣೆಗೆ ಹೊಂದುವ ಒಂದೊಂದು ಪುಟ ಓದಿ ಹೇಳುವ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಬೇರೆ ಫಲಕಗಳ ಅಗತ್ಯವೇ ಬೀಳುವುದಿಲ್ಲ.

ಇಲ್ಲೇ ಒಂದು ಇಕ್ಕಟ್ಟಿನ ಪ್ರಶ್ನೆಯೂ ಇದೆ. ಅಂಥ ಮನೆ ನಡೆಯುತ್ತಿದ್ದುದು ಯಾರ ದುಡಿಮೆಯಿಂದ? ಮಲೆನಾಡಿನ ದೊಡ್ಡ ಮನೆಗಳ ಗದ್ದೆ ತೋಟಗಳಲ್ಲಿ ಜೀತದಾಳುಗಳಿದ್ದರು, ಘಟ್ಟದ ಕೆಳಗಿನಿಂದ ಬಂದ ಆಳುಗಳಿದ್ದರು. ಯಾರು ಹೆಬ್ಬಾಗಿಲ ಹೊರಗೇ ನಿಲ್ಲಬೇಕು, ಯಾರು ಅಂಗಳದವರೆಗೆ ಬರಬಹುದು, ಯಾರು ಜಗಲಿ ಹತ್ತಬಹುದು ಎಂಬುದಕ್ಕೆ ಗೆರೆ ಕೊರೆದಷ್ಟು ಸ್ಪಷ್ಟವಾದ ಲೆಕ್ಕವಿತ್ತು. ಕುವೆಂಪು ಇದನ್ನು ಮುಚ್ಚಿಡಲಿಲ್ಲ. ‘ಮದುಮಗಳು’ ಕಾದಂಬರಿ ಶುರುವಾಗುವುದು ಯಾವ ಹೆಗ್ಗಡೆಯಿಂದಲೂ ಅಲ್ಲ. ಜೀತದಾಳು ಗುತ್ತಿ ಮತ್ತವನ ನಾಯಿ ಹುಲಿಯನಿಂದ. ಲೇಖಕ ಇಷ್ಟು ನೇರವಾಗಿ ಬರೆದದ್ದನ್ನು ಲೇಖಕನ ಮನೆ ಹೇಳಲು ಅಂಜಬೇಕಾಗಿಲ್ಲ. ಗುತ್ತಿಯಂಥವನಿಗೆ ಎಲ್ಲಿಯವರೆಗೆ ಪ್ರವೇಶವಿತ್ತು ಎಂದು ಅಂಗಳದಲ್ಲಿ ನಿಲ್ಲಿಸಿ ತೋರಿಸಿದರೆ, ಶಾಲೆಯ ಮಕ್ಕಳಿಗೆ ಕುವೆಂಪು ಅವರ ‘ವಿಶ್ವಮಾನವ’ ಎಂಬ ಮಾತು ಎಲ್ಲಿಂದ ಹುಟ್ಟಿತು ಎಂಬುದು ಭಾಷಣವಿಲ್ಲದೆ ಗೊತ್ತಾಗುತ್ತದೆ.

ಅಮೆರಿಕದವರು ಈ ಪಾಠ ಕಲಿತದ್ದು ತಡವಾಗಿ. ವರ್ಜೀನಿಯಾದ ಮಾಂಟಿಸೆಲೊ, ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ನರ ಬಂಗಲೆ. ಸರ್ವರೂ ಸಮಾನರು ಎಂಬ ಘೋಷಣೆಯ ಕರಡು ಬರೆದ ಆ ಮನುಷ್ಯನ ಒಡೆತನದಲ್ಲಿ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರಿದ್ದರು. ಅವನ ಮಕ್ಕಳಿಗೆ ತಾಯಿಯಾದ ಗುಲಾಮ ಹೆಣ್ಣುಮಗಳು ಸ್ಯಾಲಿ ಹೆಮಿಂಗ್ಸ್ ಇದ್ದಳೆಂದು ನಂಬಲಾದ ಜಾಗದಲ್ಲಿ ದಶಕಗಳ ಕಾಲ ಇದ್ದದ್ದು ಪ್ರವಾಸಿಗರ ಶೌಚಾಲಯ! ಅದನ್ನು ತೆಗೆದು, ನೆಲ ಅಗೆದು ಪರೀಕ್ಷಿಸಿ, 2018ರಲ್ಲಿ ಅವಳ ಬದುಕಿನ ಪ್ರದರ್ಶನ ತೆರೆದರು. ಇದಕ್ಕೂ ಮೊದಲೇ, 1993ರಿಂದ, ಆ ತೋಟದಲ್ಲಿ ದುಡಿದವರ ವಂಶಸ್ಥರನ್ನು ಹುಡುಕಿ ಅವರ ಮನೆತನದ ನೆನಪುಗಳನ್ನು ದಾಖಲಿಸುವ ಕೆಲಸ ನಡೆದಿತ್ತು. ಕುಪ್ಪಳಿಯ ಸುತ್ತಲ ಊರುಗಳಲ್ಲೂ ಅಂಥ ನೆನಪುಗಳಿರುವ ಹಿರಿಯರು ಇನ್ನೂ ಇರಬಹುದು. ಇನ್ನು ಹತ್ತು ವರ್ಷಕ್ಕೆ ಯಾರನ್ನು ಕೇಳುವುದು?

‘ನಮ್ಮ ಜನಕ್ಕೆ ಅಷ್ಟು ತಾಳ್ಮೆ ಎಲ್ಲಿದೆ, ಸೆಲ್ಫಿ ಸಿಕ್ಕರೆ ಸಾಕು’ ಎಂಬ ಉಡಾಫೆ ಆಗಾಗ ಕೇಳಿಬರುತ್ತದೆ. ಈ ಮಾತಾಡುವವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ನಡೆದದ್ದನ್ನು ಮರೆತಿದ್ದಾರೆ. ಸಿ. ಬಸವಲಿಂಗಯ್ಯ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇಡೀ ರಾತ್ರಿಯ ನಾಟಕವಾಗಿ ಆಡಿಸಿದರು. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆದುಹೋಗಬೇಕಿತ್ತು. ಚಳಿಯಲ್ಲಿ ಶಾಲು ಹೊದ್ದು, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಟಿಕೆಟ್ ಕೊಂಡು ಬಂದ ಜನ ಬೆಳಗಿನ ತನಕ ಗುತ್ತಿಯ ಹಿಂದೆ ಅಲೆದರು. ತಾಳ್ಮೆ ಇಲ್ಲದವರು ಮಾಡುವ ಕೆಲಸವೇ ಇದು? ಅದೇ ಜನ ಕವಿಮನೆಯೊಳಗೆ ಕಾಲು ಗಂಟೆಗೆ ಸುಸ್ತಾಗುತ್ತಾರೆ ಎಂದರೆ ಒಳಗಿನ ವ್ಯವಸ್ಥೆಯನ್ನೇ ಕೇಳಬೇಕು.

ಕಾಯುವವರ ಕಷ್ಟವನ್ನೂ ಅರಿಯದೆ ಮಾತಾಡಬಾರದು. 2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಒಯ್ದರು. ನಾಡೆಲ್ಲ ಮಮ್ಮಲ ಮರುಗಿತು. ಅಂಥ ಘಟನೆಯ ನಂತರ ಗಾಜು, ಬೀಗ, ಕ್ಯಾಮೆರಾ, ‘ಮುಟ್ಟಬೇಡಿ’ ಫಲಕಗಳು ಹೆಚ್ಚುವುದು ಎಲ್ಲಿಯಾದರೂ ಸಹಜ. ಶಾಂತಿನಿಕೇತನದಲ್ಲಿ 2004ರಲ್ಲಿ ಟ್ಯಾಗೋರರ ನೊಬೆಲ್ ಪದಕವೇ ಮಾಯವಾಯಿತು. ನೊಬೆಲ್ ಪ್ರತಿಷ್ಠಾನ ಪ್ರತಿಕೃತಿ ಮಾಡಿಸಿ ಕೊಟ್ಟಿತು. ಈ ಎರಡು ಕಳವುಗಳಿಂದ ಕಲಿಯಬೇಕಾದ್ದು ಬೇರೆಯೇ ಇದೆ. ಕಳ್ಳರ ಕಣ್ಣು ಬಿದ್ದದ್ದು ಪದಕದ ಮೇಲೆ. ಕಡೆಗೋಲಿನ ಮೇಲಲ್ಲ, ಬೀಸುಕಲ್ಲಿನ ಮೇಲಲ್ಲ. ಅಸಲಿ ಪದಕಗಳನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ನಕಲುಗಳನ್ನು ತೋರಿಸಲಿ. ಕಳೆದುಹೋದರೂ ಮತ್ತೆ ಮಾಡಿಸಬಹುದಾದ ಒನಕೆ, ಬೀಸುಕಲ್ಲು, ಬುಟ್ಟಿಗಳ ಹೊಸ ಜೋಡಿಯನ್ನು ಹಿತ್ತಲಿನಲ್ಲಿಟ್ಟು ಮಕ್ಕಳ ಕೈಗೆ ಕೊಡಲಿ. ಮಿಕ್ಸಿ ಮಾತ್ರ ಕಂಡಿರುವ ಮಗು ಅರ್ಧ ಸೇರು ರಾಗಿ ಬೀಸಿ ಬೆವರಿದರೆ ಆ ಮನೆಯ ಹೆಂಗಸರ ದಿನಚರಿ ಎಂಥದ್ದೆಂದು ಯಾರೂ ವಿವರಿಸಬೇಕಾಗಿಲ್ಲ.

ಮುಟ್ಟಬಾರದ್ದನ್ನು ಮುಟ್ಟಬೇಡಿ ಎನ್ನುವುದಕ್ಕೂ ಒಂದು ಮರ್ಯಾದೆಯ ದಾರಿಯುಂಟು. ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟಿನ ಹಳೆಯ ಬಂಗಲೆಗಳಲ್ಲಿ ಕೂರಬಾರದ ಕುರ್ಚಿಯ ಮೇಲೆ ಒಂದು ಪೈನ್ ಕಾಯನ್ನೋ ಒಣಗಿದ ಮುಳ್ಳು ಹೂವನ್ನೋ ಇಟ್ಟಿರುತ್ತಾರೆ. ಹಗ್ಗ ಕಟ್ಟುವುದಿಲ್ಲ, ಗದರುವುದಿಲ್ಲ. ಪಕ್ಕದಲ್ಲೇ ಕೂರಲು ಬೇರೆ ಕುರ್ಚಿ ಇರುತ್ತದೆ ಎಂಬುದು ಮುಖ್ಯ. ನಮ್ಮ ಸ್ಮಾರಕ ಮನೆಗಳಲ್ಲಿ ಕೂರಲು ಜಾಗವೇ ಸಿಗುವುದಿಲ್ಲ. ಕೂರಲು ಬಿಡದ ಮನೆಯನ್ನು ಮಲೆನಾಡಿನಲ್ಲಿ ಯಾರಾದರೂ ಮನೆ ಎಂದಾರೆಯೇ? ಬಂದವರಿಗೆ ಒಂದು ಚಾಪೆ, ಒಂದು ಲೋಟ ನೀರು, ತುಂಡು ಬೆಲ್ಲ ಕೊಟ್ಟರೆ ಯಾವ ಸಂರಕ್ಷಣಾ ನಿಯಮವೂ ಮುರಿಯುವುದಿಲ್ಲ.

ದನಿಯ ವಿಷಯದಲ್ಲಂತೂ ಉದಾಸೀನ ಕ್ಷಮಿಸುವಂಥದ್ದಲ್ಲ. ಕುವೆಂಪು ತಮ್ಮ ಕಾವ್ಯ ತಾವೇ ಓದಿದ ಧ್ವನಿಮುದ್ರಣಗಳಿವೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದರು. ಇಂದಿನ ಮೈಸೂರು ಆಕಾಶವಾಣಿ ಇರುವುದು ಅದೇ ಯಾದವಗಿರಿಯಲ್ಲಿ, ನಾರಾಯಣ್ ಮನೆಗೆ ನಡೆದು ಹೋಗುವಷ್ಟು ದೂರದಲ್ಲಿ. ಹಾಗಿರುವಾಗ ಯಾವ ಸಾಹಿತಿಯ ಮನೆಯೂ ಮೂಕವಾಗಿರಬೇಕಾದ ಅಗತ್ಯವಿಲ್ಲ. ಇದಕ್ಕೆಂದು ಕ್ಯೂಆರ್ ಕೋಡ್ ಅಂಟಿಸಿ ಕೈತೊಳೆದುಕೊಂಡರೆ ಮಲೆನಾಡಿನಲ್ಲಿ ನಡೆಯದು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದೇ ದೈವಕೃಪೆ. ಕೋಣೆಗೊಂದು ಸಣ್ಣ ಸ್ಪೀಕರ್, ಒತ್ತಲು ಒಂದು ಗುಂಡಿ ಇದ್ದರೆ ಆಯಿತು.

ಸಾಹಿತಿಗಳಲ್ಲದವರ ಮನೆಗಳ ಕಥೆಯೂ ಬೇರೆಯಲ್ಲ. ಮಡಿಕೇರಿಯಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ ಹಿಂದೊಮ್ಮೆ ಆರ್‌ಟಿಒ ಕಚೇರಿಯಾಗಿತ್ತು. ಡ್ರೈವಿಂಗ್ ಲೈಸೆನ್ಸಿಗೆಂದು ಬಂದವರಿಗೆ ಅದರ ಚರಿತ್ರೆ ಗೊತ್ತಿತ್ತೋ ಇಲ್ಲವೋ. 2021ರ ಫೆಬ್ರುವರಿಯಲ್ಲಿ ಆಗಿನ ರಾಷ್ಟ್ರಪತಿಗಳು ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಸೇನೆಯ ಸಾಮಗ್ರಿ, ಯುದ್ಧ ಸ್ಮಾರಕ ಎಲ್ಲ ಸೇರಿ ಅಲ್ಲಿ ಸೇನಾಧಿಪತಿ ಚೆನ್ನಾಗಿಯೇ ಕಾಣುತ್ತಾರೆ. ಕೊಡವ ಮನೆಯ ಹುಡುಗ ಅಷ್ಟಾಗಿ ಕಾಣುವುದಿಲ್ಲ.

ಮೆಟ್ಟಿಲು, ಶೌಚಾಲಯ, ಬಸ್ಸು ಇವು ಚಿಲ್ಲರೆ ವಿಷಯಗಳೆಂದು ಮೂಗು ಮುರಿಯುವವರಿದ್ದಾರೆ. ಕುವೆಂಪು ಅವರನ್ನು ಜೀವಮಾನವಿಡೀ ಓದಿದ ಎಪ್ಪತ್ತು ದಾಟಿದ ಮೇಷ್ಟರೊಬ್ಬರು ಕಡಿದಾದ ಮರದ ಏಣಿಮೆಟ್ಟಿಲ ಬುಡದಲ್ಲೇ ನಿಂತು ಉಪ್ಪರಿಗೆಯನ್ನು ಊಹಿಸಿಕೊಂಡು ಮರಳಬೇಕಾದರೆ ಅದು ಚಿಲ್ಲರೆ ವಿಷಯವಲ್ಲ. ಹಳೆಯ ಮನೆಗೆ ಲಿಫ್ಟ್ ಹಾಕಿ ಎಂದು ಯಾರೂ ಕೇಳುವುದಿಲ್ಲ. ಮೇಲಿನ ಕೋಣೆಗಳ ಚಿತ್ರಗಳನ್ನು ಕೆಳಗೇ ಒಂದು ಪರದೆಯ ಮೇಲೆ ತೋರಿಸುವುದಕ್ಕೆ ಎಷ್ಟು ಮಹಾ ಖರ್ಚಾದೀತು? ತೀರ್ಥಹಳ್ಳಿಯಿಂದ, ಕೊಪ್ಪದಿಂದ ಬರುವ ಬಸ್ಸಿನ ವೇಳಾಪಟ್ಟಿಯನ್ನು ಬಾಗಿಲಲ್ಲಿ ಬರೆದು ಹಾಕುವುದಕ್ಕಂತೂ ಖರ್ಚೇ ಇಲ್ಲ.

ಇಷ್ಟೆಲ್ಲ ದೂರಿದರೂ ಒಂದು ಮಾತನ್ನು ಒಪ್ಪಲೇಬೇಕು. ಕುಪ್ಪಳಿಯನ್ನು ಮನಸಾರೆ ಅನುಭವಿಸಿ ಹೋಗುವವರು ಇದ್ದೇ ಇದ್ದಾರೆ. ಅವರನ್ನು ಯಾರೂ ಪ್ರವಾಸಿಗರೆಂದು ಕರೆಯುವುದಿಲ್ಲ. ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮದುವೆಯಾಗಲು ಅಲ್ಲಿಗೆ ಬರುವ ಜೋಡಿಗಳು ಅವರು. ಪುರೋಹಿತರಿಲ್ಲ, ವಾಲಗವಿಲ್ಲ, ವರದಕ್ಷಿಣೆಯಿಲ್ಲ. ಕವಿ ಬರೆದುಕೊಟ್ಟ ಪ್ರತಿಜ್ಞೆಯನ್ನು ಓದಿ ಹಾರ ಬದಲಿಸಿಕೊಳ್ಳುತ್ತಾರೆ. ಕುವೆಂಪು ಮದುವೆಯ ಮಂಟಪ ಕವಿಮನೆಯೊಳಗೆ ಪ್ರದರ್ಶನಕ್ಕಿದೆ. ಅದರ ಪಕ್ಕದಲ್ಲಿ ಇಲ್ಲಿಗೇ ಬಂದು ಮದುವೆಯಾದವರಲ್ಲಿ ಒಪ್ಪಿದವರ ಚಿತ್ರಗಳನ್ನೂ ನಾಲ್ಕು ಸಾಲಿನ ಮಾತುಗಳನ್ನೂ ಇಟ್ಟರೆ, ಅಲ್ಲಿಂದ ಇಲ್ಲಿಯವರೆಗೆ ಆ ಮನೆ ಏನೇನು ಮಾಡಿಸಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕವಿಶೈಲದ ಬಂಡೆಯ ಮೇಲೆ 1936ರಲ್ಲಿ ಹಿರಿಯ ಸಾಹಿತಿಗಳಾದ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯನವರ ಜೊತೆ ಕುವೆಂಪು ಹಸ್ತಾಕ್ಷರ ಕೊರೆದ ಗುರುತಿದೆ. ಇವತ್ತು ಯಾರಾದರೂ ಹಾಗೆ ಕೊರೆದರೆ ದಂಡ ಬೀಳುತ್ತದೆ, ಬೀಳಬೇಕಾದ್ದೇ. ತನ್ನದೊಂದು ಗುರುತು ಬಿಟ್ಟು ಹೋಗುವ ಆಸೆ ಮಾತ್ರ ಬಂದವರೆಲ್ಲರಿಗೂ ಇದ್ದೇ ಇರುತ್ತದೆ. ಅದಕ್ಕೆ ‘ಅಭಿಪ್ರಾಯ ಪುಸ್ತಕ’ಕ್ಕಿಂತ ಒಳ್ಳೆಯ ದಾರಿ ಬೇಕು.

ಇನ್ನು ದುಡ್ಡಿನ ಮಾತು. ಮಹನೀಯರ ಹೆಸರಿನ ಟ್ರಸ್ಟುಗಳಿಗೆ ಸರ್ಕಾರ ಅನುದಾನ ಕೊಡುತ್ತದೆ. ಭವನ, ಕಾಂಪೌಂಡು, ಪ್ರತಿಮೆ, ಜಯಂತಿಯ ಪೆಂಡಾಲು ಎಂದರೆ ಹಣ ಹೇಗೋ ಹೊಂದುತ್ತದೆ. ಬಂದವರ ಜೊತೆ ಮಾತಾಡುವ ಒಬ್ಬರಿಗೆ ತಿಂಗಳ ಸಂಬಳ ಎಂದಾಗ ಮಾತ್ರ ಫೈಲು ಅಲ್ಲಾಡುವುದಿಲ್ಲ. ಡಿಸೆಂಬರ್ 29, ಕುವೆಂಪು ಜನ್ಮದಿನ, ಈಗ ಸರ್ಕಾರಿ ಲೆಕ್ಕದಲ್ಲೇ ವಿಶ್ವಮಾನವ ದಿನ. ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುವುದೂ ಆ ದಿನಗಳಲ್ಲೇ. ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪದ ಕಡೆ ಕನ್ನಡ ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿರುವವರು ಬೇಕಾದಷ್ಟಿದ್ದಾರೆ. ಅವರಲ್ಲಿ ಆರು ಜನರನ್ನು ಆರಿಸಿ, ಕಾದಂಬರಿಗಳ ಪುಟಗಳನ್ನೂ ಮನೆಯ ಕೋಣೆಗಳನ್ನೂ ಜೋಡಿಸಿ ಕಥೆ ಹೇಳಲು ಮಳೆಗಾಲದಲ್ಲಿ ತರಬೇತಿ ಕೊಟ್ಟು, ನವೆಂಬರಿನಿಂದ ಮೇ ತಿಂಗಳವರೆಗೆ ಒಂದು ಸಲಕ್ಕೆ ಹದಿನೈದು ಜನರಂತೆ ಒಳಗೆ ಕರೆದೊಯ್ಯಲು ಬಿಡಬೇಕು. ಒಂದು ಪ್ರತಿಮೆಗೆ ತಗಲುವ ಹಣದಲ್ಲಿ ಇದನ್ನು ಎಷ್ಟು ಋತುಗಳ ಕಾಲ ನಡೆಸಬಹುದು ಎಂದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರೇ ಲೆಕ್ಕ ಹಾಕಿ ನೋಡಲಿ.